ಒಡೆದ ದನಿಗೂ ಒಂದು ಮನೆ

ಹದಿಮೂರು ವರ್ಷದ ಹುಡುಗನೊಬ್ಬ ಶಾಲೆಯ ಪ್ರಾರ್ಥನೆಯಲ್ಲಿ ಎಂದಿನಂತೆ ದನಿ ಎತ್ತುತ್ತಾನೆ. ಮೊದಲ ಸಾಲು ನೆಟ್ಟಗೆ ಬರುತ್ತದೆ. ಎರಡನೆಯ ಸಾಲಿನ ನಡುವೆ ದನಿ ಕೈಕೊಟ್ಟು, ಎಲ್ಲಿಂದಲೋ ಒಂದು ಗೊಗ್ಗರು ಸ್ವರ ಹೊರಬೀಳುತ್ತದೆ. ಸಾಲಿನಲ್ಲಿ ನಿಂತ ಹುಡುಗರು ಕಿಸಕ್ಕನೆ ನಗುತ್ತಾರೆ. ಮರುದಿನದಿಂದ ಅವನು ಬರಿದೇ ತುಟಿ ಆಡಿಸುತ್ತಾನೆ. ಮನೆಯಲ್ಲಿ ಅವ್ವ ಹಾಡು ಎಂದರೂ ಹಾಡುವುದಿಲ್ಲ. ಇಂಥ ಹುಡುಗ ಪ್ರತಿ ಊರಿನಲ್ಲೂ ಇದ್ದಾನೆ, ಪ್ರತಿ ತಲೆಮಾರಿನಲ್ಲೂ ಇದ್ದ.

ತನ್ನ ದೇಹದ ಬಗ್ಗೆ ಮಗು ಮನಸ್ಸಿನಲ್ಲಿ ಒಂದು ಚಿತ್ರ ಕಟ್ಟಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞರು ಅದನ್ನು ದೇಹಬಿಂಬ ಎನ್ನುತ್ತಾರೆ. ಕನ್ನಡಿಗಿಂತ ಮೊದಲೇ ಈ ಚಿತ್ರಕ್ಕೆ ಬಣ್ಣ ಹಚ್ಚುವವರು ಸುತ್ತಲಿನ ಮಂದಿ. ಕರಿಯ, ಕುಳ್ಳ, ಬಡಕಲು, ಡುಮ್ಮಿ, ಗೊಗ್ಗರು ದನಿಯವ ಎಂಬ ಅಡ್ಡಹೆಸರುಗಳು ಪ್ರೀತಿಯಿಂದ ಬಂದರೂ ಒಳಗೆ ಹೋಗಿ ಕೂಡುತ್ತವೆ. ಬಣ್ಣ, ಎತ್ತರ, ತೂಕಗಳನ್ನು ಕುರಿತು ಈಗೀಗ ಸಾಕಷ್ಟು ಮಾತು ನಡೆಯುತ್ತಿದೆ. ಆದರೆ ದನಿಯೂ ದೇಹವೇ ಎಂಬುದು ನಮಗೆ ಮರೆತುಹೋಗಿದೆ. ಅದು ಕಣ್ಣಿಗೆ ಕಾಣದ, ಕಿವಿಗೆ ಮಾತ್ರ ಕಾಣುವ ದೇಹ. ಬಟ್ಟೆಯಿಂದ ಮುಚ್ಚಿಕೊಳ್ಳಲು ಬಾರದ ದೇಹವೂ ಹೌದು.

ಧಾರವಾಡ ಸೀಮೆಗೆ ಈ ವಿಷಯದಲ್ಲಿ ದೊಡ್ಡದೊಂದು ಚರಿತ್ರೆ ಇದೆ. ಹಿಂದುಸ್ತಾನಿ ಸಂಗೀತಕ್ಕೆ ಈ ನೆಲ ಕೊಟ್ಟ ಹೆಸರುಗಳನ್ನು ನಾವು ಹೆಮ್ಮೆಯಿಂದ ಎಣಿಸುತ್ತೇವೆ. ಆ ಹಿರಿಯರೆಲ್ಲ ಒಂದು ಕಾಲಕ್ಕೆ ಮಕ್ಕಳಾಗಿದ್ದರು. ಅವರಲ್ಲಿ ಒಬ್ಬರ ದನಿ ಒಡೆದಿತ್ತು, ಒಬ್ಬರ ದನಿ ಗಂಡಸಿನದರಂತೆ ಇಳಿದಿತ್ತು, ಕೆಲವರಿಗೆ ಕಣ್ಣೇ ಇರಲಿಲ್ಲ. ಮನೆಗಳಲ್ಲಿ ದುಡ್ಡೂ ಅಷ್ಟಕ್ಕಷ್ಟೇ. ಇಂಥ ಮಕ್ಕಳನ್ನು ಯಾರು ಸಾಕಿದರು, ಖರ್ಚನ್ನು ಯಾರು ಹೊತ್ತರು, ಅವರ ದೇಹಕ್ಕೆ ಮರ್ಯಾದೆ ತಂದುಕೊಟ್ಟವರಾರು ಎಂದು ಹುಡುಕುತ್ತ ಹೋದರೆ ದಾರಿ ಕುಂದಗೋಳಕ್ಕೆ ಬಂದು ಮುಟ್ಟುತ್ತದೆ.

ಕಾರಕೂನರ ಮಗ

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟ ರೈಲು ಸ್ವಲ್ಪ ಹೊತ್ತಿನಲ್ಲೇ ಕುಂದಗೋಳ ಸೇರುತ್ತದೆ. ಎರೆಭೂಮಿ, ಹತ್ತಿ, ಜೋಳ, ಮೆಣಸಿನಕಾಯಿಯ ಊರು. ಸ್ವಾತಂತ್ರ್ಯಕ್ಕೆ ಮೊದಲು ಸುತ್ತಲಿನ ಸೀಮೆಯ ಬಹುಭಾಗ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿದ್ದರೆ, ಕುಂದಗೋಳ ದೂರದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಊರಿನ ನಡುವೆ ನಾಡಿಗೇರರ ವಾಡೆ. ಆ ಮನೆತನಕ್ಕೆ ಸಂಗೀತದ ಹುಚ್ಚು. ದೊಡ್ಡ ದೊಡ್ಡ ಗಾಯಕರು ಈ ಕಡೆ ಬಂದಾಗ ವಾಡೆಯಲ್ಲಿ ಇಳಿದುಕೊಂಡು ಹಾಡಿ ಹೋಗುತ್ತಿದ್ದರು.

ಹತ್ತಿರದ ಸಂಶಿ ಗ್ರಾಮದ ಮೂಲದ ಗಣೇಶರಾಯರು ಕುಂದಗೋಳದಲ್ಲಿ ಕಾರಕೂನಿಕೆ ಮಾಡುತ್ತಿದ್ದರು. ಅವರ ಮಗ ರಾಮಚಂದ್ರ 1886ರ ಜನವರಿ 19ರಂದು ಹುಟ್ಟಿದ. ರಾಮಭಾವು ಎಂದು ಎಲ್ಲರೂ ಕರೆಯುತ್ತಿದ್ದ ಈ ಹುಡುಗನಿಗೆ ಓದು ತಲೆಗೆ ಹತ್ತಲಿಲ್ಲ, ಹಾಡು ಹತ್ತಿತು. ಕಾರಕೂನರ ಸಂಬಳದಲ್ಲಿ ಮಗನನ್ನು ಹುಬ್ಬಳ್ಳಿಯ ಶಾಲೆಗೆ ಕಳಿಸುವುದೇ ಭಾರ. ಮಗ ಓದಿ ತಾನೂ ಒಂದು ನೌಕರಿ ಹಿಡಿಯಲಿ ಎಂಬ ಆಸೆ ಅಪ್ಪನಿಗೆ ಇರದೆ ಇದ್ದೀತೆ? ಆದರೂ ಮಗನ ಒಲವು ತಿಳಿದ ಮೇಲೆ ಗಣೇಶರಾಯರು ಅವನನ್ನು ಬಳವಂತರಾವ್ ಕೊಲ್ಹಟ್ಕರರ ಬಳಿ ಸಂಗೀತಕ್ಕೆ ಹಚ್ಚಿದರು. ಆ ಗುರು 1898ರಲ್ಲಿ ತೀರಿಕೊಂಡರು. ಆಗ ಹುಡುಗನಿಗೆ ಹನ್ನೆರಡು ವರ್ಷ.

ಮುಂದೆ ವಾಡೆಗೆ ಬಂದ ಉಸ್ತಾದ್ ಅಬ್ದುಲ್ ಕರೀಂ ಖಾನರ ಹಾಡು ಕೇಳಿ ರಾಮಭಾವು ಮರುಳಾದ. ವಾಡೆಯ ಹಿರಿಯರ ಮಾತಿನ ಬೆಂಬಲದಿಂದ ಶಿಷ್ಯನೂ ಆದ. ಎಂಟು ವರ್ಷ ತಮ್ಮ ಬಳಿಯೇ ಇದ್ದು ಕಲಿಯಬೇಕು ಎಂಬುದು ಖಾನಸಾಹೇಬರ ಕರಾರಾಗಿತ್ತು ಎನ್ನುತ್ತಾರೆ. ಕಲಿಕೆ ನಡೆದಿದ್ದಾಗಲೇ ಹರೆಯ ಬಂದು ಹುಡುಗನ ಮಧುರ ಕಂಠವನ್ನು ಕೆಡಿಸಿತು. ದನಿ ಒರಟಾಯಿತು, ಹೇಳಿದ ಮಾತು ಕೇಳದಾಯಿತು.

ಇದರಲ್ಲಿ ವಿಚಿತ್ರವೇನೂ ಇಲ್ಲ. ಹರೆಯದಲ್ಲಿ ಗಂಟಲಿನ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಅದರೊಳಗಿನ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಉದ್ದನೆಯ ದಪ್ಪ ತಂತಿ ಕೆಳಗಿನ ಸ್ವರವನ್ನೇ ನುಡಿಯುತ್ತದೆಂದು ತಂಬೂರಿ ನೋಡಿದವರಿಗೆಲ್ಲ ಗೊತ್ತು. ಹುಡುಗರ ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹುಡುಗಿಯರದೂ ಇಳಿಯುತ್ತದೆ, ಆದರೆ ತುಸುವೇ. ಹೊಸ ವಾದ್ಯ ಕೈಗೆ ಬರುವ ತನಕ ಹಳೆಯ ಬೆರಳುಗಾರಿಕೆ ಉಪಯೋಗಕ್ಕೆ ಬಾರದು. ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಮಿಕ್ಕಿ, ದನಿ ಹೀಗೆ ಓಲಾಡುತ್ತದೆ.

ಬೇರೆ ಯಾರಾದರೂ ಆಗಿದ್ದರೆ ಇವನ ಕಂಠ ಕೆಟ್ಟಿತು ಎಂದು ಮನೆಗೆ ಕಳಿಸಿಬಿಡುತ್ತಿದ್ದರೋ ಏನೋ. ಖಾನಸಾಹೇಬರು ಕಳಿಸಲಿಲ್ಲ. ಒಡೆದ ದನಿಯನ್ನೇ ಹಿಡಿದು, ಸ್ವರಪಲಟೆಗಳನ್ನು ದಿನಗಟ್ಟಲೆ ಹಾಡಿಸಿ ಪಳಗಿಸಿದರು. ಆ ದನಿ ಕೊನೆಯವರೆಗೂ ಸುಲಭದ ದನಿಯಾಗಲಿಲ್ಲ. ಕಛೇರಿಯ ಮೊದಲ ಭಾಗದಲ್ಲಿ ಅದು ಮೊಂಡು ಹಿಡಿಯುತ್ತಿತ್ತು, ಕಾದ ಮೇಲೆ ಮಾತ್ರ ತೆರೆದುಕೊಳ್ಳುತ್ತಿತ್ತು ಎಂದು ಕೇಳಿದವರು ಬರೆದಿದ್ದಾರೆ. ತೆರೆದುಕೊಂಡಾಗ ಸಭೆ ಅಲುಗಾಡದೆ ಕೂಡುತ್ತಿತ್ತು.

ಗಂಡುದೇಹ, ಹೆಣ್ಣುವೇಷ

ರಾಮಭಾವು ಮುಂದೆ ಗುರುಗಳ ಇಷ್ಟಕ್ಕೆ ವಿರುದ್ಧವಾಗಿ ಮರಾಠಿ ನಾಟಕ ಕಂಪನಿ ಸೇರಿದರು. ಹೆಣ್ಣಿನ ಪಾತ್ರಗಳಲ್ಲಿ ಹೆಸರು ಮಾಡಿದರು. ಅಮರಾವತಿಯಲ್ಲಿ ದಾದಾಸಾಹೇಬ ಖಾಪರ್ಡೆಯವರು ಕೊಟ್ಟ ‘ಸವಾಯಿ ಗಂಧರ್ವ’ ಎಂಬ ಬಿರುದೇ ಅವರ ಹೆಸರಾಗಿ ನಿಂತಿತು. ಸವಾಯಿ ಎಂದರೆ ಒಂದೂಕಾಲು. ಮರಾಠಿ ರಂಗದಲ್ಲಿ ಆಗ ಬಾಲಗಂಧರ್ವರ ಯುಗ. ಸ್ತ್ರೀಪಾತ್ರದಲ್ಲಿ ಅವರು ಉಟ್ಟ ಸೀರೆ, ಮುಡಿದ ಹೂವು, ತೊಟ್ಟ ಒಡವೆಗಳನ್ನು ನೋಡಿ ಮಹಾರಾಷ್ಟ್ರದ ಗೃಹಿಣಿಯರು ತಾವೂ ಹಾಗೆಯೇ ಅಲಂಕರಿಸಿಕೊಳ್ಳುತ್ತಿದ್ದರು. ಹೆಣ್ಣಿನ ಚೆಲುವು ಹೇಗಿರಬೇಕೆಂದು ಒಂದು ತಲೆಮಾರಿಗೆ ಕಲಿಸಿದ್ದು ಒಬ್ಬ ಗಂಡಸು! ಇಂದಿನ ಮಕ್ಕಳು ಪರದೆಯ ಮೇಲೆ ನೋಡಿ ಹಂಬಲಿಸುವ ಮೈಕಟ್ಟು, ಮೈಬಣ್ಣಗಳೂ ಬಹುಪಾಲು ಹೀಗೆಯೇ ಬಣ್ಣ ಬೆಳಕಿನಿಂದ ಕಟ್ಟಿದ ವೇಷ ಎಂಬುದನ್ನು ಅವರಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನಾಟಕ ಕಂಪನಿಗಳಿಗೆ ಇನ್ನೊಂದು ಮುಖವೂ ಇತ್ತು. ಬಡ ಮನೆಗಳ ಪಾಲಿಗೆ ಅವು ಅನ್ನ ಹಾಕುವ ಸಂಸ್ಥೆಗಳು. ಇಂಪಾದ ಕಂಠದ ಹುಡುಗನನ್ನು ಕಂಪನಿ ಕರೆದುಕೊಂಡರೆ ಮನೆಯಲ್ಲಿ ಉಣ್ಣುವ ಬಾಯಿ ಒಂದು ಕಡಿಮೆಯಾಗುತ್ತಿತ್ತು, ಹುಡುಗನಿಗೆ ವಿದ್ಯೆಯೂ ಸಿಗುತ್ತಿತ್ತು. ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನ ಹೀಗೆಯೇ ಎಳೆವಯಸ್ಸಿನಲ್ಲಿ ವಾಮನರಾವ್ ಮಾಸ್ತರರ ಕಂಪನಿ ಸೇರಿ ಪ್ರಹ್ಲಾದ, ಧ್ರುವರ ಪಾತ್ರ ಮಾಡಿದರು. ಕುಂದಗೋಳ ತಾಲೂಕಿನ ಯಲಿವಾಳದ ಬಸವರಾಜ ರಾಜಗುರುಗಳೂ ಬಾಲ್ಯದಲ್ಲಿ ಅದೇ ಮಾಸ್ತರರ ಕಂಪನಿಯ ಅನ್ನ ಉಂಡವರು. ಆದರೆ ಕಂಪನಿಯ ಪ್ರೀತಿಗೆ ಒಂದು ಗಡುವು ಇತ್ತು. ದನಿ ಒಡೆದ ಪ್ರಹ್ಲಾದನನ್ನು ಇಟ್ಟುಕೊಂಡು ಟಿಕೆಟ್ ಮಾರುವುದು ಹೇಗೆ? ಬಾಲನಟನ ಬದುಕು ಅವನ ಗಂಟಲಿನ ಬೆಳವಣಿಗೆಯ ಮೇಲೆ ನಿಂತಿತ್ತು. ಮನಸೂರರನ್ನು ನೀಲಕಂಠಬುವಾ, ರಾಜಗುರುಗಳನ್ನು ಪಂಚಾಕ್ಷರಿ ಗವಾಯಿಗಳು ಕೈಹಿಡಿದರು. ಕೈಹಿಡಿಯುವವರು ಸಿಗದೆ ಹಿಂದೆ ಉಳಿದ ಹುಡುಗರ ಹೆಸರುಗಳು ಯಾವ ಚರಿತ್ರೆಯಲ್ಲೂ ಇಲ್ಲ. ಅವರನ್ನೂ ನೆನೆಯದಿದ್ದರೆ ಈ ಕಥೆ ಬರೀ ಸಿಹಿಯಾಗಿಬಿಡುತ್ತದೆ.

ದನಿ ಒಡೆಯದಂತೆ ತಡೆದವರು

ಮಗುವಿನ ಕಂಠವೇ ಮನೆಗೆ ಅನ್ನ ತರುವುದಾದರೆ, ಅದು ಒಡೆಯದಂತೆ ತಡೆಯಬಾರದೇಕೆ? ಕೇಳಲು ಕ್ರೂರವೆನಿಸುವ ಈ ಪ್ರಶ್ನೆಯನ್ನು ಇಟಲಿ ದೇಶ ನಿಜವಾಗಿಯೂ ಕೇಳಿಕೊಂಡಿತ್ತು. 16ನೇ ಶತಮಾನದಿಂದ ಮೊದಲುಗೊಂಡು ಇನ್ನೂರು ಮುನ್ನೂರು ವರ್ಷಗಳ ಕಾಲ ಅಲ್ಲಿ ಚೆನ್ನಾಗಿ ಹಾಡುವ ಹುಡುಗರ ಬೀಜ ಒಡೆಸುವ ಪದ್ಧತಿ ಇತ್ತು. ಇಗರ್ಜಿಗಳ ಗಾಯನದಲ್ಲಿ ಹೆಂಗಸರು ಹಾಡುವಂತಿರಲಿಲ್ಲ, ಎತ್ತರದ ದನಿ ಮಾತ್ರ ಬೇಕಾಗಿತ್ತು. ಹರೆಯ ಬಾರದ ಹಾಗೆ ಮಾಡಿದರೆ ಹುಡುಗನ ಧ್ವನಿತಂತುಗಳು ಚಿಕ್ಕದಾಗಿಯೇ ಉಳಿಯುತ್ತಿದ್ದವು. ಇಂಥ ಗಾಯಕರನ್ನು ಕಾಸ್ತ್ರಾತಿ ಎಂದು ಕರೆಯುತ್ತಿದ್ದರು. ಅವರಲ್ಲಿ ಕೆಲವರು ಯುರೋಪಿನ ಅರಮನೆಗಳಲ್ಲಿ ಮೆರೆದರು. ಮಿಕ್ಕವರಿಗೆ ಹಾಡೂ ದಕ್ಕಲಿಲ್ಲ, ಸಂಸಾರವೂ ದಕ್ಕಲಿಲ್ಲ.

ತಂದೆತಾಯಿಗಳು ಇದಕ್ಕೆ ಒಪ್ಪುತ್ತಿದ್ದುದಾದರೂ ಏಕೆ? ಬಹುಪಾಲು ಪ್ರಸಂಗಗಳಲ್ಲಿ ಬಡತನವೇ ಕಾರಣ. ಒಬ್ಬ ಮಗನಿಂದ ಇಡೀ ಮನೆ ಉದ್ಧಾರವಾದೀತೆಂಬ ಲೆಕ್ಕಾಚಾರ. ಈ ಸಾಲಿನ ಕೊನೆಯ ಪ್ರಸಿದ್ಧ ಗಾಯಕ ಅಲೆಸ್ಸಾಂಡ್ರೊ ಮೊರೆಸ್ಕಿ 1922ರಲ್ಲಿ ತೀರಿಕೊಂಡ. 1902 ಮತ್ತು 1904ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯವರು ರೋಮಿಗೆ ಹೋಗಿ ಅವನ ದನಿಯನ್ನು ತಟ್ಟೆಗಳಲ್ಲಿ ಹಿಡಿದಿಟ್ಟರು. ಅದೇ ಕಂಪನಿ ಅದೇ 1902ರಲ್ಲಿ ಭಾರತಕ್ಕೂ ಬಂದು ಕಲ್ಕತ್ತೆಯಲ್ಲಿ ಗೌಹರ್ ಜಾನರ ಹಾಡನ್ನು ಮುದ್ರಿಸಿಕೊಂಡಿತು. ಮೂರು ದಶಕಗಳ ಬಳಿಕ, ಹಿಸ್ ಮಾಸ್ಟರ್ಸ್ ವಾಯ್ಸ್ ಎಂಬ ನಾಯಿಯ ಗುರುತಿನ ಅದೇ ತಟ್ಟೆಗಳಲ್ಲಿ, ಹುಬ್ಬಳ್ಳಿಯ ಒಬ್ಬ ತರುಣಿಯ ದನಿ ಕೇಳಿಬಂತು. ಗಾಂಧಾರಿ ಎಂಬುದು ತಟ್ಟೆಯ ಮೇಲಿನ ಹೆಸರು. ನಮಗೆ ಆಕೆ ಗಂಗೂಬಾಯಿ ಹಾನಗಲ್.

ಕುಂದಗೋಳದ ರೈಲು

ಗಂಗೂಬಾಯಿ ಹುಟ್ಟಿದ್ದು ಧಾರವಾಡದಲ್ಲಿ, 1913ರ ಮಾರ್ಚ್ 5ರಂದು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಹಾಡುವುದನ್ನೇ ಕುಲವೃತ್ತಿಯಾಗಿ ಪಡೆದ ಮನೆತನ. ಕೇರಿಯ ಜನ ಹಾಡು ಕೇಳಿ ತಲೆದೂಗುತ್ತಿದ್ದರು, ಹಾಡುವವರನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸುತ್ತಿದ್ದರು. ಹುಡುಗಿ ಬೀದಿಯಲ್ಲಿ ನಡೆದರೆ ‘ಗಾನೇವಾಲಿ’ ಎಂದು ಕೂಗುತ್ತಿದ್ದುದುಂಟು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದರ ಗಂಗೂ ಒಬ್ಬಳು. ಹಾಡಿದ ಹೆಮ್ಮೆಗಿಂತ, ಊಟವಾದ ಮೇಲೆ ಜಾತಿಯ ಕಾರಣಕ್ಕೆ ತನ್ನನ್ನು ಎಲೆ ತೆಗೆಯಲು ಹಚ್ಚಿಯಾರೆಂಬ ಅಂಜಿಕೆ ತನಗಿತ್ತೆಂದು ಅವರು ಮುಂದೆ ನೆನೆದಿದ್ದಾರೆ. ಮಗುವೊಂದು ತನ್ನನ್ನು ತಾನು ಕಾಣುವ ಬಗೆಯನ್ನು ಸುತ್ತಲಿನ ಸಮಾಜ ಹೇಗೆ ತಿದ್ದುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಮನೆಯ ಆಯ-ವ್ಯಯದಲ್ಲಿ ಮಗಳ ಕಲಿಕೆಗೇ ಮೊದಲ ಪಾಲು. ಮಗಳಿಗೆ ಹಿಂದುಸ್ತಾನಿ ಕಲಿಸಲು ತಾಯಿ 1928ರಲ್ಲಿ ಸಂಸಾರವನ್ನೇ ಧಾರವಾಡದಿಂದ ಹುಬ್ಬಳ್ಳಿಗೆ ಸಾಗಿಸಿದರು. ತನ್ನ ಕರ್ನಾಟಕ ಶೈಲಿ ಮಗಳ ಕಿವಿಗೆ ಬಿದ್ದು ಗೊಂದಲವಾದೀತೆಂದು ತಾನು ಹಾಡುವುದನ್ನೇ ಬಿಟ್ಟರು. ಕೃಷ್ಣಾಚಾರ್ಯ ಹುಲಗೂರರು ವರ್ಷದೊಳಗೆ ಅರವತ್ತರಷ್ಟು ಚೀಜುಗಳನ್ನು ಕಲಿಸಿದರು. ಆಮೇಲೆ ಸಂಬಳದ ವಿಷಯಕ್ಕೆ ಮಾತು ಬಂದು ಪಾಠ ನಿಂತಿತು. ಸಂಗೀತದ ಚರಿತ್ರೆ ಬರೆಯುವವರು ಇಂಥ ಸಂಗತಿಗಳನ್ನು ಹಾರಿಸಿ ಹೋಗುತ್ತಾರೆ. ಆದರೆ ಫೀ ಕಟ್ಟಲಾಗದೆ ನಿಂತ ಪಾಠಗಳು ಎಷ್ಟು ಮನೆಗಳಲ್ಲಿ ಇಲ್ಲ? 1932ರಲ್ಲಿ ತಾಯಿಯೂ ತೀರಿಕೊಂಡರು. ಆಗ ಗಂಗೂಬಾಯಿಗೆ ಹತ್ತೊಂಬತ್ತು ವರ್ಷ. ವಕೀಲರಾದ ಗುರುರಾವ್ ಕೌಲಗಿಯವರನ್ನು ಮದುವೆಯಾಗಿದ್ದರು. ಮನೆಯ ಭಾರ ಬಹುಮಟ್ಟಿಗೆ ಅವರ ಹಾಡುಗಾರಿಕೆಯ ಮೇಲೆಯೇ ಬಿತ್ತು.

ಆ ದಿನಗಳ ತಟ್ಟೆಗಳನ್ನು ಇಂದು ಕೇಳಿದರೆ ಅಚ್ಚರಿಯಾಗುತ್ತದೆ. ತೆಳುವಾದ, ಎತ್ತರಕ್ಕೆ ಚಿಮ್ಮುವ, ಎಲ್ಲರೂ ಹೆಣ್ಣುದನಿ ಎಂದು ಒಪ್ಪುವ ದನಿ ಅದು. ಆಮೇಲೆ ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾಯಿತು. ದನಿ ಇಳಿಯಿತು, ದಪ್ಪವಾಯಿತು. ರೇಡಿಯೋದಲ್ಲಿ ಕೇಳಿದವರು ಹಾಡುತ್ತಿರುವವರು ಗಂಡಸೇ ಎಂದು ಅನುಮಾನಪಟ್ಟದ್ದುಂಟು. ಹಾಡಿಯೇ ಮನೆ ನಡೆಸಬೇಕಾದ ಹೆಣ್ಣುಮಗಳಿಗೆ ಇದಕ್ಕಿಂತ ದೊಡ್ಡ ಹೊಡೆತ ಇರಲಾರದು. ಕಳೆದುಹೋದ ದನಿಗಾಗಿ ಅಳುತ್ತ ಕೂಡಬಹುದಿತ್ತು, ಇದ್ದ ದನಿಯನ್ನು ಹಿಂಡಿ ಮೇಲಕ್ಕೆಳೆದು ಹಳೆಯ ದನಿಯ ಅನುಕರಣೆ ಮಾಡಬಹುದಿತ್ತು. ಅವರು ಆ ದಪ್ಪ ದನಿಯನ್ನೇ ತಮ್ಮದೆಂದು ಒಪ್ಪಿಕೊಂಡರು. ಮಂದ್ರದಲ್ಲಿ ಗಟ್ಟಿಯಾಗಿ ನೆಲೆ ನಿಂತು ರಾಗವನ್ನು ಒಂದೊಂದೇ ಸ್ವರವಾಗಿ ಮೇಲೆತ್ತುವ ಅವರ ಗಾಂಭೀರ್ಯ ಆ ದನಿಗೆ ಹೇಳಿ ಮಾಡಿಸಿದಂತಿತ್ತು.

ಈ ಗಾಂಭೀರ್ಯಕ್ಕೆ ಅಡಿಪಾಯ ಹಾಕಿದ್ದು ಕುಂದಗೋಳ. 1938ರಿಂದ ಸುಮಾರು ಮೂರು ವರ್ಷ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಸವಾಯಿ ಗಂಧರ್ವರ ಬಳಿ ಪಾಠಕ್ಕೆ ಹೋದರು. ಮನೆಯಲ್ಲಿ ಮಕ್ಕಳು, ದಾರಿಯಲ್ಲಿ ಜನರ ನೋಟ, ರಾತ್ರಿಯ ಹೊತ್ತು ಮರಳುವ ರೈಲು. ಒಮ್ಮೆ ದನಿ ಒಡೆದು ಮತ್ತೆ ಕಟ್ಟಿಕೊಂಡ ಗುರುವಿಗೆ ಶಿಷ್ಯೆಯ ಕಂಠದ ಕಷ್ಟ ತಿಳಿಯದೆ ಇದ್ದೀತೆ? ರಾಗಗಳ ರಾಶಿ ಹಾಕದೆ, ಕೆಲವೇ ರಾಗಗಳನ್ನು ಹಿಡಿದು, ಒಂದೊಂದು ಸ್ವರವೂ ಸರಿಯಾಗುವ ತನಕ ತಿದ್ದುವುದು ಅವರ ಪದ್ಧತಿಯಾಗಿತ್ತು.

ನೀರು ಹೊತ್ತ ಹುಡುಗ

ಅದೇ ಕಾಲಕ್ಕೆ ಗುರುಗಳ ಮನೆಯಲ್ಲಿ ಇನ್ನೊಬ್ಬ ಹುಡುಗನಿದ್ದ. ಗದುಗಿನ ಮಾಸ್ತರರೊಬ್ಬರ ಮಗ, ಭೀಮಸೇನ ಜೋಶಿ. 1922ರಲ್ಲಿ ಹುಟ್ಟಿದ ಈ ಹುಡುಗ ಹನ್ನೊಂದನೆಯ ವಯಸ್ಸಿಗೆ ಹಾಡು ಕಲಿಯಲೆಂದು ಮನೆ ಬಿಟ್ಟು ಓಡಿದ. ಗ್ವಾಲಿಯರ್, ಕಲ್ಕತ್ತೆ, ಜಲಂಧರ ಎಂದು ಉತ್ತರ ಭಾರತವೆಲ್ಲ ಅಲೆದ. ಕೊನೆಗೆ ತಂದೆ ಅವನನ್ನು ಹುಡುಕಿ ಕರೆತಂದರು. 1936ರಲ್ಲಿ ಸವಾಯಿ ಗಂಧರ್ವರ ಶಿಷ್ಯನಾಗಿ ಕುಂದಗೋಳ ಸೇರಿದಾಗ ಅವನಿಗೆ ಹದಿನಾಲ್ಕು. ದನಿ ಒಡೆಯುವುದೂ ಇದೇ ವಯಸ್ಸಿನಲ್ಲೇ ಎಂಬುದನ್ನು ಗಮನಿಸಬೇಕು.

ಮೇಷ್ಟರ ಸಂಬಳ, ಮನೆತುಂಬ ಮಕ್ಕಳು. ಭೀಮಸೇನರು ಗುರುಮನೆಯ ಪದ್ಧತಿಯಂತೆ ದೂರದಿಂದ ಕೊಡಗಟ್ಟಲೆ ನೀರು ಹೊತ್ತು ತಂದರು, ಹೇಳಿದ ಕೆಲಸ ಮಾಡಿದರು. ಹಳೆಯ ಗುರುಕುಲದ ಲೆಕ್ಕಪತ್ರ ಹೀಗಿತ್ತು: ದುಡ್ಡಿದ್ದವರು ದುಡ್ಡು ಕೊಡುತ್ತಿದ್ದರು, ಇಲ್ಲದವರು ಮೈಮುರಿದು ದುಡಿಯುತ್ತಿದ್ದರು. ಇದರಲ್ಲಿ ಅನ್ಯಾಯಕ್ಕೂ ಎಡೆಯಿತ್ತು, ಒಪ್ಪಬೇಕು. ಮಗುವಿನ ದುಡಿಮೆಯನ್ನು ವಿದ್ಯೆಯ ಹೆಸರಿನಲ್ಲಿ ಸುಲಿಯುವ ಗುರುಗಳೂ ಇದ್ದರು. ಆ ಪದ್ಧತಿಯನ್ನು ಇಂದು ಮರಳಿ ತರಬೇಕೆಂದು ಯಾರೂ ಹೇಳಲಾರರು. ಆದರೆ ಬಡ ಹುಡುಗನೊಬ್ಬನಿಗೆ ವರ್ಷಗಟ್ಟಲೆ ಊಟ, ನೆಲೆ, ವಿದ್ಯೆ ಸಿಕ್ಕಿದ್ದೂ ಅದರಿಂದಲೇ. ಅದಕ್ಕಿಂತ ಮುಖ್ಯವಾಗಿ, ಅವನಿಗೆ ಅವಸರವಿಲ್ಲದ ಸಮಯ ಸಿಕ್ಕಿತು. ದನಿ ಕುದುರುವ ತನಕ ಕಾಯುವ ಜನ ಸಿಕ್ಕರು.

ಈಗ ಒಂದು ಸಾಲು ನೋಡಿ. ಅಬ್ದುಲ್ ಕರೀಂ ಖಾನರದು ನೂಲಿನಂತೆ ತೆಳುವಾದ ಎತ್ತರದ ದನಿ. ಅವರ ಶಿಷ್ಯ ಸವಾಯಿ ಗಂಧರ್ವರದು ಕಾದು ಕಾದು ಕರಗುವ ಒರಟು ದನಿ. ಅವರ ಶಿಷ್ಯರಾದ ಗಂಗೂಬಾಯಿಯವರದು ಹೆಣ್ಣೆಂದು ಗುರುತಿಸಲಾಗದ ಗಂಭೀರ ದನಿ, ಭೀಮಸೇನರದು ಗುಡುಗಿನಂಥ ದನಿ. ಎಲ್ಲವೂ ಒಂದೇ ಕಿರಾಣಾ ಘರಾಣೆ. ಹಾಡುವ ರೀತಿ ಗುರುವಿನಿಂದ ಶಿಷ್ಯನಿಗೆ ಇಳಿದು ಬಂತು, ದನಿ ಮಾತ್ರ ಅವರವರದೇ ಆಗಿ ಉಳಿಯಿತು. ಗುರುವಿನ ಹಾಗೆ ಹಾಡು ಎಂಬುದಕ್ಕೂ ಗುರುವಿನ ಗಂಟಲು ತಂದುಕೋ ಎಂಬುದಕ್ಕೂ ಇರುವ ಅಂತರವನ್ನು ಈ ಪರಂಪರೆ ಅರಿತಿತ್ತು. ಮಕ್ಕಳನ್ನು ಬೆಳೆಸುವವರು ಕುಂದಗೋಳದಿಂದ ಕಲಿಯಬೇಕಾದದ್ದು ಇದಿಷ್ಟೇ.

ತಕ್ಕಡಿಯಲ್ಲಿ ಕೂತ ಗವಾಯಿ

ಯಲಿವಾಳದ ಬಸವರಾಜ ರಾಜಗುರುಗಳನ್ನು ಕೈಹಿಡಿದವರು ಪಂಚಾಕ್ಷರಿ ಗವಾಯಿಗಳೆಂದು ಮೇಲೆ ಹೇಳಿದೆ. ಅವರ ಮನೆ ಇನ್ನೊಂದು ಬಗೆಯದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿಗಳಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಹಳ್ಳಿಗಳಲ್ಲಿ ಕುರುಡು ಮಗು ಹುಟ್ಟಿದರೆ ಹಿಂದಿನ ಜನ್ಮದ ಪಾಪವೆನ್ನುತ್ತಿದ್ದ ಕಾಲ. ಹಾನಗಲ್ಲ ಕುಮಾರಸ್ವಾಮಿಗಳು ಈ ಹುಡುಗನನ್ನೂ ಅವನ ಅಂಧ ಅಣ್ಣನನ್ನೂ ಕರೆದೊಯ್ದು ಸಂಗೀತ ಕಲಿಸಿದರು. ಕಲಿತ ಪಂಚಾಕ್ಷರಿಗಳು ತಮ್ಮಂಥ ಮಕ್ಕಳಿಗಾಗಿ ಊರಿಂದೂರಿಗೆ ಸಂಚರಿಸುವ ಸಂಗೀತಶಾಲೆ ನಡೆಸಿದರು. ಮುಂದೆ ಅದು ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಯೂರಿತು. ಗದಗ 1997ರವರೆಗೂ ಧಾರವಾಡ ಜಿಲ್ಲೆಯಲ್ಲೇ ಇತ್ತು.

ಫೀ ಕೊಡಲಾಗದ ಮಕ್ಕಳ ಶಾಲೆ ನಡೆಯುವುದು ಹೇಗೆ? ಭಕ್ತರ ಜೋಳ, ಕಾಳು-ಕಡಿ, ಜೋಳಿಗೆಗೆ ಬಿದ್ದ ಕಾಸು. ಅದೂ ಸಾಲದಾದಾಗ ಆಶ್ರಮದವರೇ ನಾಟಕ ಕಂಪನಿ ಕಟ್ಟಿದರು. ಮೇಲೆ ಹೇಳಿದ ಕಂಪನಿಗಳು ಮಕ್ಕಳ ದನಿಯಿಂದ ಬದುಕಿದವು, ಇಲ್ಲಿ ಮಕ್ಕಳನ್ನು ಬದುಕಿಸಲು ಕಂಪನಿ ನಡೆಯಿತು. 1944ರಲ್ಲಿ ಪಂಚಾಕ್ಷರಿಗಳು ಲಿಂಗೈಕ್ಯರಾದ ಮೇಲೆ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು. ಅವರೂ ಹಸುಗೂಸಿದ್ದಾಗಲೇ ಕಣ್ಣು ಕಳೆದುಕೊಂಡವರು. ಹಲವು ವಾದ್ಯ ನುಡಿಸಿದರು, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥ ಬರೆದರು, 2010ರಲ್ಲಿ ತೀರಿಕೊಳ್ಳುವವರೆಗೂ ಮಕ್ಕಳಿಗೆ ಕಲಿಸಿದರು. ಹಳ್ಳಿಹಳ್ಳಿಗಳಲ್ಲಿ ಜನ ಅವರಿಗೆ ಲೆಕ್ಕವಿಲ್ಲದಷ್ಟು ಸಲ ತುಲಾಭಾರ ಮಾಡಿದರು. ತಕ್ಕಡಿಯ ಒಂದು ಪರಡಿಯಲ್ಲಿ ಗವಾಯಿಗಳು, ಇನ್ನೊಂದರಲ್ಲಿ ನಾಣ್ಯ. ಆ ನಾಣ್ಯದಿಂದ ಆಶ್ರಮದ ಮಕ್ಕಳ ರೊಟ್ಟಿ. ಸಮಾಜ ಕೊರತೆಯ ದೇಹವೆಂದದ್ದನ್ನು ಅದೇ ಸಮಾಜ ತಕ್ಕಡಿಗೆ ಏರಿಸಿ ಬೆಲೆ ಕಟ್ಟಿತು. ಎದುರಿಗೆ ಕೂತು ನೋಡುತ್ತಿದ್ದ ಹಳ್ಳಿಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲಿದ್ದೀತು?

ಮನೆಯ ಲೆಕ್ಕದ ವಹಿ

ಇಷ್ಟೆಲ್ಲ ಹಳೆಯ ಕಥೆ ಇಂದಿನ ಮನೆಗಳಿಗೆ ಏಕೆ ಬೇಕು? ನವಲಗುಂದ, ಅಣ್ಣಿಗೇರಿ, ಕಲಘಟಗಿಯ ಯಾವುದೇ ಮನೆಯ ತಿಂಗಳ ಖರ್ಚು ಬರೆದು ನೋಡಿದರೆ ಉತ್ತರ ಸಿಗುತ್ತದೆ. ಕಿರಾಣಿ, ಕರೆಂಟು, ಸಾಲದ ಕಂತು, ಬಸ್ಸಿನ ಪಾಸುಗಳ ಜೊತೆಗೆ ದೇಹವನ್ನು ತಿದ್ದುವ ಖರ್ಚೂ ಈಗ ಸದ್ದಿಲ್ಲದೆ ಸೇರಿಕೊಂಡಿದೆ. ಬೆಳ್ಳಗಾಗುವ ಕ್ರೀಮು, ಮೈ ತುಂಬಿಸುವ ಪುಡಿ, ಕೂದಲಿನ ಎಣ್ಣೆ. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಟೀಕೆಗಳ ನಡುವೆ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಎಂದು ಹೆಸರು ಬದಲಿಸಿಕೊಂಡಿತು. ಹೆಸರಿನಿಂದ ಬಿಳುಪು ಹೋದರೂ ಮನಸ್ಸಿನಿಂದ ಹೋಗಲು ಇನ್ನೂ ಕಾಲ ಬೇಕು. ಚೊಕ್ಕ ನೀರು, ಬೇಳೆ, ಮೊಟ್ಟೆ, ಹಾಲು, ಹಣ್ಣುಗಳಿಗೆ ಆಗಬೇಕಾದ ಖರ್ಚನ್ನು ಇಂಥ ಸೀಸೆಗಳು ನುಂಗಿದರೆ ದೇಹಕ್ಕೂ ನಷ್ಟ, ಮನಸ್ಸಿಗೂ ನಷ್ಟ.

ಅಂಬಾಬಾಯಿಯವರು ಮನೆ ಬದಲಿಸಿದ್ದು, ಗಣೇಶರಾಯರು ಓದು ಒಲ್ಲದ ಮಗನಿಗೆ ಗುರು ಹುಡುಕಿದ್ದು ಕೂಡ ಖರ್ಚೇ. ಆದರೆ ಆ 1928ರ ಗಂಟುಮೂಟೆ ಮಗಳ ದನಿ ಬೆಳೆಯಲೆಂದು ಕಟ್ಟಿದ್ದು, ಆ ದನಿ ಇನ್ನೊಬ್ಬರ ದನಿಯಂತಾಗಲಿ ಎಂದಲ್ಲ. ಮನೆಯ ವಹಿಯಲ್ಲಿ ಮಕ್ಕಳ ಹೆಸರಿನಲ್ಲಿ ಬರೆದ ಪ್ರತಿ ಖರ್ಚಿನ ಮುಂದೆ ಒಂದು ಪ್ರಶ್ನೆ ಬರೆದುಕೊಳ್ಳಬಹುದು: ಇದು ನನ್ನ ಮಗುವಿನ ಕೈಯಲ್ಲಿ ಆಗುವುದನ್ನು ಹೆಚ್ಚಿಸುತ್ತದೆಯೇ, ಅಥವಾ ಮಗು ಸರಿಯಿಲ್ಲ ಎಂಬ ಮಾತನ್ನು ಗಟ್ಟಿ ಮಾಡುತ್ತದೆಯೇ? ಮಕ್ಕಳ ಎದುರು, ಮಕ್ಕಳೊಡನೆ ಕೂತು ಈ ಲೆಕ್ಕ ಮಾಡಿದರೆ ಇನ್ನೂ ಒಳ್ಳೆಯದು. ಯಾವುದಕ್ಕೆ ದುಡ್ಡಿಲ್ಲ, ಯಾವುದಕ್ಕೆ ಹೇಗಾದರೂ ಹೊಂದಿಸುತ್ತಾರೆ ಎಂಬುದನ್ನು ನೋಡಿಯೇ ಮಗು ತನ್ನ ಬೆಲೆಯನ್ನು ತಿಳಿದುಕೊಳ್ಳುತ್ತದೆ.

ದುಡ್ಡಿಲ್ಲದೆ ಮಾಡಬಹುದಾದ ಕೆಲಸಗಳೂ ಇವೆ. ಹರೆಯದಲ್ಲಿ ದನಿ, ಮೈ, ಮುಖದ ಮೇಲಿನ ಮೊಡವೆ ಎಲ್ಲವೂ ಬದಲಾಗುತ್ತವೆ ಎಂದು ಬದಲಾಗುವ ಮೊದಲೇ ಹೇಳಿಡುವುದು. ಅಡ್ಡಹೆಸರುಗಳನ್ನು ಮನೆಯಿಂದಲೇ ನಿಲ್ಲಿಸುವುದು. ನೆಂಟರ ಎದುರು ಅಣ್ಣನ ಎತ್ತರ, ಅಕ್ಕನ ಬಣ್ಣಗಳನ್ನು ಅಳೆಯದಿರುವುದು. ತಾಯಿ ತಾನೇ ಕನ್ನಡಿಯ ಮುಂದೆ ನಿಂತು ತನ್ನ ಮೈಯನ್ನು ಹಳಿದುಕೊಳ್ಳುವುದನ್ನು ಬಿಡುವುದು. ಶಾಲೆಯಲ್ಲಿ ಮಾಸ್ತರರು ದನಿ ಒಡೆದ ಹುಡುಗನನ್ನು ಹಾಡಿನ ಗುಂಪಿನಿಂದ ತೆಗೆಯದೆ ಕೆಳಗಿನ ಶ್ರುತಿಯಲ್ಲಿ ಹಾಡಲು ಬಿಡುವುದು.

ಸವಾಯಿ ಗಂಧರ್ವರಿಗೆ 1940ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಬಡಿಯಿತು. ಕಷ್ಟಪಟ್ಟು ಕಟ್ಟಿದ ದನಿ ಎರಡನೆಯ ಸಲ ಕೈಬಿಟ್ಟಿತು. 1946ರಲ್ಲಿ ಪುಣೆಯಲ್ಲಿ ನಡೆದ ಗುರುಗಳ ಅರವತ್ತರ ಸಮಾರಂಭದಲ್ಲಿ ಭೀಮಸೇನರು ಹಾಡಿ ಹೆಸರಾದರು. 1952ರಲ್ಲಿ ಗುರುಗಳು ತೀರಿಕೊಂಡರು. ಅವರ ನೆನಪಿಗೆ ಕುಂದಗೋಳದ ನಾಡಿಗೇರರ ವಾಡೆಯಲ್ಲಿ ಅಹೋರಾತ್ರಿ ಸಂಗೀತೋತ್ಸವ ದಶಕಗಳಿಂದ ನಡೆದುಬಂದಿದೆ. ಗಂಗೂಬಾಯಿ, ಭೀಮಸೇನ, ರಾಜಗುರುಗಳಂಥವರೆಲ್ಲ ಅಲ್ಲಿ ಹಾಡಿದ್ದಾರೆ. ಸುತ್ತಲಿನ ಹಳ್ಳಿಗಳ ಜನ ಕಂಬಕ್ಕೆ ಒರಗಿ ಕೂತು ಬೆಳಗಿನವರೆಗೆ ಕೇಳಿದ್ದಾರೆ.

ಪ್ರಾರ್ಥನೆಯಲ್ಲಿ ತುಟಿ ಆಡಿಸುತ್ತಿರುವ ನಮ್ಮ ಹುಡುಗನನ್ನು ಅಂಥ ಒಂದು ರಾತ್ರಿ ಕರೆದುಕೊಂಡು ಹೋಗಬೇಕು. ಮೊದಲ ಅರ್ಧ ತಾಸು ದಣಿದ, ಒರಟಾದ, ಹಿಡಿತಕ್ಕೆ ಸಿಗದ ದನಿಗಳನ್ನೂ ಅವನು ಕೇಳಲಿ. ಯಾರೂ ನಗುವುದಿಲ್ಲ. ಎಲ್ಲರೂ ಕಾಯುತ್ತಾರೆ.